ಕರ್ಕಶ ಸದ್ದಿಗೆ ಇಂಗ್ಲಿಷಿನಲ್ಲಿ ಯಾವ ಪದ? ಶ್ರಿಲ್, ಸ್ಟ್ರೈಡೆಂಟ್, ರಾಕಸ್, ಗ್ರೇಟಿಂಗ್‌ಗಳಲ್ಲಿ ಆರಿಸಿಕೊಳ್ಳುವ ಬಗೆ

ಕನ್ನಡದ ಕಥೆಯೊಂದನ್ನು ಇಂಗ್ಲಿಷಿಗೆ ತರುತ್ತಿದ್ದಾಗ ಒಂದು ಪುಟ್ಟ ವಾಕ್ಯ ನನ್ನನ್ನು ಇಡೀ ಮಧ್ಯಾಹ್ನ ಹಿಡಿದು ಕೂರಿಸಿತು. ನಸುಕಿನಲ್ಲಿ ಹಿತ್ತಿಲ ಬಾವಿಯಿಂದ ಯಾರೋ ನೀರು ಸೇದುತ್ತಿದ್ದಾರೆ. ಎಣ್ಣೆ ಕಾಣದ ರಾಟೆಯ ಕರ್ಕಶ ಸದ್ದಿಗೆ ಮಗುವಿಗೆ ಎಚ್ಚರವಾಗುತ್ತದೆ. ಅಷ್ಟೇ. ಮೊದಲ ಕರಡಿನಲ್ಲಿ ರಾಟೆಯ ಸದ್ದನ್ನು ಶ್ರಿಲ್ ಎಂದು ಬರೆದೆ. ಓದಿ ನೋಡಿದರೆ ಬಾವಿಕಟ್ಟೆಯ ಮೇಲೆ ಯಾರೋ ಸೀಟಿ ಊದಿದ ಹಾಗಿತ್ತು. ಅದನ್ನು ಹೊಡೆದುಹಾಕಿ ಸ್ಟ್ರೈಡೆಂಟ್ ಎಂದೆ. ರಾಟೆ ಸಭೆಯಲ್ಲಿ ಎದ್ದು ನಿಂತು ವಾದಕ್ಕೆ ಇಳಿಯಿತು. ರಾಕಸ್ ಎಂದಾಗ ಒಬ್ಬರೇ ನೀರು ಸೇದುತ್ತಿದ್ದ ಆ ಹಿತ್ತಿಲಿಗೆ ಗುಂಪೊಂದು ಬಂದು ಗಲಾಟೆ ಮಾಡಿದಂತಾಯಿತು. ನಿಘಂಟು ತೆರೆದರೆ ಮೂರು ಪದಗಳ ಮುಂದೆಯೂ ಇದ್ದ ಅರ್ಥ ಒಂದೇ: ಕರ್ಕಶ.

ತಪ್ಪು ನಿಘಂಟಿನದಲ್ಲ. ಸದ್ದಿನ ನಯ ಒರಟುಗಳನ್ನು ಹೇಳುವ ಕೆಲಸವನ್ನು ಕನ್ನಡ ಗುಣವಾಚಕಗಳಿಗಿಂತ ಹೆಚ್ಚಾಗಿ ಕ್ರಿಯಾಪದಗಳಿಗೂ ಅನುಕರಣ ಶಬ್ದಗಳಿಗೂ ವಹಿಸಿದೆ. ಕಿರುಚು, ಚೀರು, ಅರಚು, ಊಳಿಡು, ಘೀಳಿಡು, ಮೊರೆ, ಭೋರ್ಗರೆ, ಕಿರುಗುಟ್ಟು. ಇವುಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲಾಗುವುದಿಲ್ಲ. ಗುಣವಾಚಕ ಬೇಕೆಂದಾಗ ಮಾತ್ರ ಕೈ ಸೀದಾ ಕರ್ಕಶದ ಕಡೆಗೆ ಹೋಗುತ್ತದೆ. ಪತ್ರಿಕೆಯಲ್ಲಿ ಹಾರ್ನ್ ಕರ್ಕಶ, ಕಾಗೆಯ ಕೂಗು ಕರ್ಕಶ, ಸಿಟ್ಟಾದವರ ದನಿ ಕರ್ಕಶ. ಇಂಗ್ಲಿಷಿನಲ್ಲಿ ಆ ಮೂರಕ್ಕೂ ಬೇರೆ ಬೇರೆ ಪದಗಳಿವೆ, ಮತ್ತು ತಪ್ಪಾದದ್ದನ್ನು ಆರಿಸಿಕೊಂಡರೆ ಸದ್ದಿನ ಜೊತೆಗೆ ಮನುಷ್ಯರ ಸ್ವಭಾವವೂ ಬದಲಾಗಿಬಿಡುತ್ತದೆ.

ನಾನು ಈಗ ಪದ ಹುಡುಕುವ ಮುಂಚೆ ಸದ್ದನ್ನೇ ವಿಚಾರಿಸುತ್ತೇನೆ. ಅದು ಎಷ್ಟು ಜೋರು? ಯಾವ ಸ್ಥಾಯಿಯದು, ಮೇಲಿನದೋ ಕೆಳಗಿನದೋ? ಅದರ ಮೈ ನುಣುಪೋ, ರವೆಯ ಹಾಗೆ ತರಿತರಿಯೋ? ಕೊನೆಗೆ, ಕೇಳಿದವರಿಗೆ ಆ ಸದ್ದು ಮಾಡಿದವರ ಮೇಲೆ ಅಸಮಾಧಾನ ಇದೆಯೋ ಇಲ್ಲವೋ? ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಪದಗಳು ತಾವಾಗಿಯೇ ಪಕ್ಕಕ್ಕೆ ಸರಿಯುತ್ತವೆ.

ಎತ್ತರದ ದನಿ ಎಂದರೆ ಜೋರು ದನಿಯೇ?

ಕನ್ನಡದವರು ಇಂಗ್ಲಿಷಿನಲ್ಲಿ ಮೊದಲು ಎಡವುವುದು ಇಲ್ಲಿ. "ಎತ್ತರದ ದನಿಯಲ್ಲಿ ಮಾತನಾಡಿದ" ಎಂದರೆ ನಮಗೆ ಜೋರಾಗಿ ಮಾತನಾಡಿದ ಎಂದೇ ಅರ್ಥ. ಅದನ್ನು ಹೈ ವಾಯ್ಸ್ ಎಂದು ಬರೆದರೆ ಇಂಗ್ಲಿಷ್ ಓದುಗರಿಗೆ ಸಣ್ಣ, ಮೇಲಿನ ಸ್ಥಾಯಿಯ ದನಿ ಕೇಳಿಸುತ್ತದೆ, ಹತ್ತು ವರ್ಷದ ಹುಡುಗನದರಂತೆ. ಜೋರು ಎನ್ನಲು ಲೌಡ್ ಸಾಕು. ಲೌಡ್ ಯಾರನ್ನೂ ದೂರುವುದಿಲ್ಲ, ಅಳತೆಯನ್ನಷ್ಟೇ ಹೇಳುತ್ತದೆ. ಆದರೆ ಅಂಗಿಗೆ ಅದನ್ನು ಅಂಟಿಸಿದರೆ ಕಣ್ಣಿಗೆ ರಾಚುವ ಬಣ್ಣ ಎಂದಾಗುತ್ತದೆ. ನಾಯ್ಸಿ ಎಂಬುದು ಜಾಗಕ್ಕೆ, ಗುಂಪಿಗೆ, ಯಂತ್ರಕ್ಕೆ ಸಲ್ಲುವ ಪದ: ಗದ್ದಲದ ರಸ್ತೆ, ಗದ್ದಲದ ಫ್ಯಾನು. ಒಬ್ಬರ ದನಿಯನ್ನು ನಾಯ್ಸಿ ಎನ್ನುವುದು ಒಗ್ಗುವುದಿಲ್ಲ.

ಜೋರು ಮತ್ತು ಸ್ಥಾಯಿ ಬೇರೆ ಬೇರೆ ಎನ್ನುವುದಕ್ಕೆ ಸೊಳ್ಳೆಯೇ ಸಾಕ್ಷಿ. ಕಿವಿಯ ಹತ್ತಿರ ಬಂದಾಗ ಅದರ ಸದ್ದು ಎಳೆಯಷ್ಟು ತೆಳು, ಜೋರಂತೂ ಅಲ್ಲ; ಆದರೂ ನಿದ್ದೆ ಕೆಡುತ್ತದೆ. ನಮ್ಮ ಕಿವಿಗೆ ಅತಿ ಚುರುಕಾಗಿ ಕೇಳಿಸುವುದು ಸುಮಾರು 2000ದಿಂದ 5000 ಹರ್ಟ್ಸ್ ನಡುವಿನ ಸದ್ದು. ಕಿವಿಯ ನಾಳ ಎರಡೂವರೆ ಸೆಂಟಿಮೀಟರಿನಷ್ಟು ಉದ್ದದ, ಒಂದು ಕಡೆ ಮುಚ್ಚಿದ ಕೊಳವೆ. ಕೊಳಲಿನಂತೆ ಅದೂ ತನಗೆ ಹೊಂದುವ ಸ್ವರವನ್ನು ಎತ್ತಿ ಹಿಡಿಯುತ್ತದೆ, ಆ ಸ್ವರ ಈ ವ್ಯಾಪ್ತಿಯೊಳಗೇ ಬೀಳುತ್ತದೆ. ಸೀಟಿ, ಮಗುವಿನ ಚೀತ್ಕಾರ, ಬ್ರೇಕಿನ ಕಿರುಚು ನಮ್ಮನ್ನು ಇರಿದಂತೆ ಅನ್ನಿಸುವುದಕ್ಕೆ ಇದು ಕಾರಣ. ಸದ್ದಿನ ಮಟ್ಟಿಗೆ ಶ್ರಿಲ್, ಪಿಯರ್ಸಿಂಗ್ ಎಂಬ ಎರಡು ಪದಗಳೂ ಹೆಚ್ಚಾಗಿ ಸಲ್ಲುವುದು ಈ ಮೇಲಿನ ಸ್ಥಾಯಿಗೆ.

ಶ್ರಿಲ್ ಮತ್ತು ಪಿಯರ್ಸಿಂಗ್

ಇವೆರಡೂ ಒಂದೇ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಪಿಯರ್ಸಿಂಗ್ ಎಂದರೆ ಚುಚ್ಚಿಕೊಂಡು ಹೋಗುವುದು. ಬೇರೆ ಸದ್ದುಗಳ ನಡುವೆಯಿಂದ, ಗೋಡೆಯಾಚೆಯಿಂದ ತೂರಿ ಬರುತ್ತದೆ ಎಂಬ ವರದಿ ಅಷ್ಟೇ ಅದರಲ್ಲಿದೆ. ಹಸುಳೆಯ ಅಳು ಪಿಯರ್ಸಿಂಗ್ ಆಗಬಹುದು, ಅದರಲ್ಲಿ ಹಸುಳೆಯ ತಪ್ಪೇನೂ ಇಲ್ಲ. ನೋಟಕ್ಕೂ, ಚಳಿಗಾಳಿಗೂ ಈ ಪದ ಸಲ್ಲುತ್ತದೆ. ಶ್ರಿಲ್‌ನಲ್ಲಿ ಹಾಗಲ್ಲ, ನಮ್ಮ ಕೀರಲು ದನಿ ಎಂಬ ಮಾತಿನಲ್ಲಿರುವ ಹಾಗೆ ತೆಳುವಾದ, ಹಿತವಲ್ಲದ ಎಂಬ ತೀರ್ಪು ಅದರೊಳಗೇ ಕುಳಿತಿದೆ. ಸೀಟಿಗೂ ಕೀಟಕ್ಕೂ ಹೇಳಿದಾಗ ಆ ತೀರ್ಪು ಹಗುರ. ಮನುಷ್ಯರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಹೇಳಿದಾಗ ಭಾರ.

ಈ ಭಾರವನ್ನು ಅನುವಾದಕರು ಹಗುರವಾಗಿ ಎಣಿಸಬಾರದು. ಅಮೆರಿಕದಲ್ಲಿ 2016ರ ಅಧ್ಯಕ್ಷ ಚುನಾವಣೆಯ ಹೊತ್ತಿಗೆ ಹಿಲರಿ ಕ್ಲಿಂಟನ್ ಅವರ ದನಿಯನ್ನು ಶ್ರಿಲ್ ಎಂದು ಕೆಲವರು ಕರೆದರು. ಗಂಡಸು ಅಷ್ಟೇ ಜೋರಾಗಿ ಮಾತನಾಡಿದರೆ ಆ ಮಾತು ಬರುತ್ತದೆಯೇ ಎಂಬ ಪ್ರಶ್ನೆಯ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. ಅದಕ್ಕೂ ಮುಂಚೆ, 1970ರ ದಶಕದಲ್ಲಿ ಬ್ರಿಟನ್ನಿನ ಮಾರ್ಗರೇಟ್ ಥ್ಯಾಚರ್ ತಮ್ಮ ದನಿಯ ಸ್ಥಾಯಿಯನ್ನು ಇಳಿಸಿಕೊಳ್ಳಲು ತರಬೇತಿ ಪಡೆದಿದ್ದರು. ಕನ್ನಡ ಕಥೆಯಲ್ಲಿ ಅತ್ತೆಯೋ ಅಕ್ಕನೋ "ಕಿರುಚಿದಳು" ಎಂದಿದ್ದರೆ ನಮ್ಮ ಕ್ರಿಯಾಪದದಲ್ಲಿ ಅಂದಿನ ಕೋಪವಿದೆ, ಆಕೆಯ ಸ್ವಭಾವದ ಮೇಲೆ ಷರಾ ಇಲ್ಲ. ಅದನ್ನು ಶ್ರಿಲ್ ವಾಯ್ಸ್ ಎಂದು ಮಾಡಿದ ಕೂಡಲೇ ಆಕೆ ಯಾವಾಗಲೂ ಹಾಗೇ ಎಂದಾಗಿಬಿಡುತ್ತದೆ. ಮೂಲದ ಲೇಖಕ ಮಾಡದ ಅನ್ಯಾಯವನ್ನು ನಾವು ಮಾಡಿದ ಹಾಗೆ. ಇಂಥ ಕಡೆಗಳಲ್ಲಿ ನಾನು ಸ್ಕ್ರೀಮ್ಡ್ ಎಂಬ ಕ್ರಿಯಾಪದವನ್ನೇ ಇಟ್ಟು ಗುಣವಾಚಕವನ್ನು ಬಿಡುತ್ತೇನೆ.

ಇದೇ ಸ್ಥಾಯಿಯ ಚಿಕ್ಕ ಪದ ಸ್ಕ್ವೀಕಿ. ಇಲಿ, ಹೊಸ ಚಪ್ಪಲಿ, ಮಕ್ಕಳ ರಬ್ಬರ್ ಗೊಂಬೆ; ಸದ್ದು ಮೇಲಿನದು, ಆದರೆ ಪುಟ್ಟದು, ಕೆಲವೊಮ್ಮೆ ಮುದ್ದಾದದ್ದು. ಸ್ಕ್ರೀಚಿಂಗ್ ಅದರ ತೀರಾ ದೊಡ್ಡ ರೂಪ: ಟೈರು ರಸ್ತೆಗೆ ಉಜ್ಜಿದಾಗ, ಕಣಜಗೂಬೆ ಇರುಳಲ್ಲಿ ಕೂಗಿದಾಗ.

ತರಿತರಿ ಸದ್ದುಗಳು

ಕರ್ಕಶ ಎಂಬ ಸಂಸ್ಕೃತ ಪದಕ್ಕೆ ಮುಟ್ಟಿದರೆ ಒರಟು ಎಂಬ ಅರ್ಥವೂ ಇದೆ. ಸೋಜಿಗವೆಂದರೆ ಇಂಗ್ಲಿಷಿನ ಹಾರ್ಶ್ ಕೂಡ ಮೊದಲು ಮುಟ್ಟಿ ತಿಳಿಯುವ ಒರಟುತನವನ್ನೇ ಹೇಳುತ್ತಿತ್ತು. ಆದ್ದರಿಂದ ಕರ್ಕಶಕ್ಕೆ ಅತಿ ಹತ್ತಿರದ, ಅಪಾಯ ಕಡಿಮೆ ಇರುವ ಪದ ಹಾರ್ಶ್. ಯಾವುದೂ ತೋಚದಿದ್ದರೆ ಅದನ್ನು ಬರೆಯಿರಿ, ತಪ್ಪಾಗುವುದಿಲ್ಲ. ಆದರೆ ಚಿತ್ರವೂ ಮೂಡುವುದಿಲ್ಲ.

ಚಿತ್ರ ಬೇಕಿದ್ದರೆ ಗ್ರೇಟಿಂಗ್. ಇದರ ಬೇರು ಅಡುಗೆಮನೆಯಲ್ಲೇ ಇದೆ. ಕ್ಯಾರೆಟ್ ತುರಿಯುವುದಕ್ಕೆ ಇಂಗ್ಲಿಷಿನಲ್ಲಿ ಗ್ರೇಟ್ ಎನ್ನುತ್ತಾರಲ್ಲ, ಅದೇ ಪದ. ಗಟ್ಟಿಯಾದ ಎರಡು ವಸ್ತುಗಳು ಒಂದನ್ನೊಂದು ತುರಿದಾಗ ಬರುವ ಸದ್ದು. ಜೋರಾಗಿರಲೇಬೇಕಿಲ್ಲ, ಮೇಲಿನ ಸ್ಥಾಯಿಯೂ ಬೇಕಿಲ್ಲ. ನರಗಳ ಮೇಲೆ ತುರಿಮಣೆ ಆಡಿಸಿದ ಹಾಗೆ ಮತ್ತೆ ಮತ್ತೆ ಆಗುತ್ತಿರಬೇಕು. ನನ್ನ ರಾಟೆಗೆ ಕೊನೆಗೆ ನಿಂತದ್ದು ಇದರ ಕ್ರಿಯಾಪದ ರೂಪ. ಮರದ ರಾಟೆಯಾಗಿದ್ದರೆ ಕ್ರೀಕಿಂಗ್ ಎನ್ನಬಹುದಿತ್ತು. ಹಳೆಯ ಬಾಗಿಲು, ಬಿದಿರ ಮೆಳೆ, ಮರದ ಮೆಟ್ಟಿಲುಗಳಿಗೆ ಅದೇ ಸರಿ, ಅದರಲ್ಲಿ ಹಳತಿನ ಆಪ್ತತೆಯೂ ಇದೆ. ಕಥೆಯ ರಾಟೆ ಕಬ್ಬಿಣದ್ದು. ಒಣಗಿದ ಅಚ್ಚಿನ ಮೇಲೆ ಸುತ್ತು ಸುತ್ತಿಗೂ ಕಿರ್ರೋ ಎನ್ನುವುದು. ಹಗ್ಗ ಎಳೆದಾಗ ಒಂದು ಕಿರ್ರು, ಕೈ ಬದಲಿಸುವಾಗ ನಿಲುಗಡೆ, ಮತ್ತೊಂದು ಕಿರ್ರು. ರಸ್ಟಿ ಎಂದು ಬರೆದು ತುಕ್ಕನ್ನು ಮುಂದಿಟ್ಟೆ, ಸದ್ದಿಗೆ ಗ್ರೇಟ್ ಎಂಬ ಕ್ರಿಯಾಪದವನ್ನೇ ಕೊಟ್ಟೆ. ಮಗುವಿಗೆ ಎಚ್ಚರವಾಯಿತು.

ರಾಸ್ಪಿಂಗ್ ಎಂಬುದು ಬಡಗಿಯ ಒರಟು ಅರದಿಂದ ಬಂದದ್ದು. ಗಂಟಲಿಗೂ ಉಸಿರಿಗೂ ಹೆಚ್ಚು ಸಲ್ಲುತ್ತದೆ. ಗಂಟಲು ಕಟ್ಟಿ ದನಿ ಒಡೆದರೆ ಹೋರ್ಸ್, ಉಚ್ಚಾರಣೆ ಕುದುರೆಯದೇ, ಕಾಗುಣಿತ ಬೇರೆ. ನಮ್ಮ ಗೊಗ್ಗರು ದನಿ ಹುಟ್ಟಿನಿಂದ ಬಂದದ್ದಾದರೆ ಗ್ರಫ್ ಅಥವಾ ಗ್ರಾವೆಲಿ. ಮೊದಲನೆಯದರಲ್ಲಿ ಸಿಡುಕೂ ಸ್ವಲ್ಪ ಇದೆ, ಎರಡನೆಯದರಲ್ಲಿ ಇಲ್ಲ. ಹಸ್ಕಿ ಎಂದರೆ ಅದೇ ಒಡಕು ಇಂಪಾಗಿ ಕೇಳಿಸುತ್ತಿದೆ ಎಂದು. ನೆಗಡಿಯಾದ ತಾತನ ದನಿಯನ್ನು ಹಸ್ಕಿ ಎನ್ನುವುದು ಬೇಡ.

ಈಗ ಸ್ಟ್ರೈಡೆಂಟ್. ಲ್ಯಾಟಿನ್ನಿನಲ್ಲಿ ಕಿರುಗುಟ್ಟು ಎಂಬ ಅರ್ಥದ ಕ್ರಿಯಾಪದ ಇದರ ತಾಯಿ. ಅದೇ ತಾಯಿಯ ಇನ್ನೊಂದು ಮಗುವನ್ನು ಕೀಟಶಾಸ್ತ್ರಜ್ಞರು ಮಿಡತೆ, ಜೀರುಂಡೆಗಳು ಮೈಯ ಅಂಗಗಳನ್ನು ಉಜ್ಜಿ ಸದ್ದು ಮಾಡುವುದಕ್ಕೆ ಬಳಸುತ್ತಾರೆ: ಸ್ಟ್ರಿಡ್ಯುಲೇಷನ್. ಆದರೆ ಇಂದಿನ ಬರವಣಿಗೆಯಲ್ಲಿ ಸ್ಟ್ರೈಡೆಂಟ್ ಹೆಚ್ಚಾಗಿ ಕಾಣಿಸುವುದು ಅಭಿಪ್ರಾಯಗಳ ಜೊತೆ. ಟೀಕೆ, ಬೇಡಿಕೆ, ಘೋಷಣೆ. ಬಿಡದೆ, ಬಿರುಸಾಗಿ, ಎದುರಿನವರಿಗೆ ಇರುಸುಮುರುಸಾಗುವಂತೆ ಹೇಳಿದ್ದು. ಹೋರಾಟಗಾರರ ಭಾಷಣವನ್ನು ಸ್ಟ್ರೈಡೆಂಟ್ ಎಂದು ಬರೆದರೆ ಬರೆದವರು ಅವರ ಪಕ್ಷದಲ್ಲಿಲ್ಲ ಎಂದು ಓದುಗರು ತಿಳಿಯುತ್ತಾರೆ. ಪಕ್ಷ ವಹಿಸದೆ ಹೇಳಬೇಕಾದರೆ ಫೋರ್ಸ್‌ಫುಲ್ ಇದೆ, ವೊಸಿಫರಸ್ ಇದೆ. ವೊಸಿಫರಸ್ ಎಂದರೆ ಮೂಲದಲ್ಲಿ ದನಿಯನ್ನು ಹೊತ್ತು ಒಯ್ಯುವುದು, ಅಷ್ಟೇ. ದಲಿತ ಚಳವಳಿಯ, ರೈತ ಚಳವಳಿಯ ಬರಹಗಳನ್ನು ಇಂಗ್ಲಿಷಿಗೆ ಒಯ್ಯುವವರು ಈ ಒಂದು ಪದದ ಮೇಲೆ ಕಣ್ಣಿಟ್ಟಿರಬೇಕೆಂದು ನನ್ನ ಬಲವಾದ ನಂಬಿಕೆ.

ರಾಕಸ್ ಲ್ಯಾಟಿನ್ನಿನಲ್ಲಿ ಗಂಟಲು ಕಟ್ಟಿದ ಎಂದಷ್ಟೇ ಇತ್ತು. ಕಾಗೆಗೂ ಕಡಲಹಕ್ಕಿಗೂ ಇಂದೂ ಒಪ್ಪುತ್ತದೆ. ಮನುಷ್ಯರಿಗೆ ಬಳಸಿದಾಗ ಗುಂಪು, ನಗು, ಹಬ್ಬ, ಕಟ್ಟು ಮೀರಿದ ಸಂಭ್ರಮ ಎಲ್ಲವೂ ಒಳಗೆ ಬರುತ್ತವೆ. ಮದುವೆ ಮನೆಯ ದಿಬ್ಬಣ ರಾಕಸ್ ಆಗಿತ್ತು ಎಂದರೆ ಅದು ದೂರಲ್ಲದೆಯೂ ಇರಬಹುದು. ಸಂಭ್ರಮವೇ ಮುಖ್ಯವಾದರೆ ಬಾಯ್ಸ್ಟರಸ್ ಇನ್ನೂ ಅಕ್ಕರೆಯ ಪದ. ಸಂಜೆ ಶಾಲೆ ಬಿಟ್ಟಾಗಿನ ಮಕ್ಕಳಿಗೆ ಹೇಳಿಮಾಡಿಸಿದ್ದು. ರೌಡಿ ಎಂಬುದರ ಬಗ್ಗೆ ಎಚ್ಚರ: ಇಂಗ್ಲೆಂಡಿನ ಓದುಗರಿಗೆ ಅದು ಗದ್ದಲ ಮಾಡುವ, ಶಿಸ್ತಿಲ್ಲದ ಎಂಬ ಸಾಧಾರಣ ಗುಣವಾಚಕ. ನಮ್ಮಲ್ಲಿ ರೌಡಿ ಎಂದರೆ ಪೊಲೀಸರ ಪಟ್ಟಿಯಲ್ಲಿರುವವನು. ಬೆಂಗಳೂರಿನ ಓದುಗರಿಗಾಗಿ ಬರೆಯುವಾಗ ತರಗತಿಯ ಮಕ್ಕಳಿಗೆ ಅದನ್ನು ಅಂಟಿಸಬೇಡಿ.

ಕಿವಿಗಡಚಿಕ್ಕುವ ಸದ್ದುಗಳು

ಕಿವಿಗಡಚಿಕ್ಕುವ ಎಂಬ ನಮ್ಮ ಪದಕ್ಕೆ ಡೆಫನಿಂಗ್ ಚೆನ್ನಾಗಿ ಹೊಂದುತ್ತದೆ. ಎರಡರಲ್ಲೂ ಕಿವಿ ಕೇಳಿಸದಂತಾಗುವ ಮಾತಿದೆ. ನಾನು ಇಟ್ಟುಕೊಂಡಿರುವ ಪರೀಕ್ಷೆ ಸರಳ: ಪಕ್ಕದಲ್ಲಿ ನಿಂತವರ ಮಾತು ಕೇಳಿಸುತ್ತಿತ್ತೆ? ಕೇಳಿಸುತ್ತಿದ್ದರೆ ಡೆಫನಿಂಗ್ ಅಲ್ಲ. ಜೋಗದ ಜಲಪಾತ ಮಳೆಗಾಲದಲ್ಲಿ ಡೆಫನಿಂಗ್ ಆಗಬಹುದು. ಬೇಸಿಗೆಯಲ್ಲಿ ಆ ಪದ ಸುಳ್ಳು. ಇಯರ್‌ಸ್ಪ್ಲಿಟಿಂಗ್ ಎಂದರೆ ಕಿವಿ ಸೀಳುವುದು. ಅದು ಒಮ್ಮೆಲೇ ಬರಬೇಕು, ಮೇಲಿನ ಸ್ಥಾಯಿಯಲ್ಲಿ ಬರಬೇಕು. ಪಟಾಕಿ, ಚೀತ್ಕಾರ, ಮೈಕಿನ ಊಳು.

ಕೆಳಗಿನ ಸ್ಥಾಯಿಯಲ್ಲಿ ದೊಡ್ಡದಾದದ್ದು ಬೂಮಿಂಗ್. ಡೊಳ್ಳು, ದೂರದ ಬಂಡೆ ಸಿಡಿತ, ಎದೆಯಿಂದ ಬರುವ ದನಿ. ಥಂಡರಸ್‌ನಲ್ಲಿ ಗುಡುಗಿದೆ, ಅದರ ಜೊತೆಗೆ ಮೆಚ್ಚುಗೆಯೂ ಸೇರಿಕೊಂಡಿದೆ. ಚಪ್ಪಾಳೆಗೆ ಅದು ಹೇಳಿಮಾಡಿಸಿದ ಪದ. ಬ್ಲೇರಿಂಗ್ ಯಂತ್ರಗಳದ್ದು: ಹಾರ್ನ್, ಟಿವಿ, ಧ್ವನಿವರ್ಧಕ. ಯಾರೋ ಹಚ್ಚಿಟ್ಟು ಹೋದರು, ಅದು ಒದರುತ್ತಲೇ ಇದೆ ಎಂಬ ಬೇಜವಾಬ್ದಾರಿಯ ವಾಸನೆ ಅದರಲ್ಲಿದೆ. ಕ್ಯಾಕೊಫೋನಸ್ ಎಂಬುದು ಗ್ರೀಕಿನ ಕೆಟ್ಟ ಮತ್ತು ದನಿ ಎಂಬ ಎರಡು ಮಾತುಗಳ ಕೂಡಿಕೆ. ಹಲವು ಸದ್ದುಗಳು ಒಂದಕ್ಕೊಂದು ಹೊಂದದೆ ಕಲೆತಾಗ ಮಾತ್ರ ಅದನ್ನು ಬಳಸಬೇಕು, ಮೆಜೆಸ್ಟಿಕ್ ಬಸ್ ನಿಲ್ದಾಣದ ಸಂಜೆಯಂತೆ. ಒಂದೇ ಹಾರ್ನಿಗೆ ಅದು ಸಲ್ಲದು. ಇನ್ನು ಜ್ಯಾರಿಂಗ್ ಜೋರಿನ ಮಾತೇ ಅಲ್ಲ. ಸಂಗೀತ ಕಛೇರಿಯ ಆಲಾಪದ ನಡುವೆ ಮೊಬೈಲ್ ಮೊಳಗಿದಂತೆ, ಇರುವ ಕಡೆಗೆ ಹೊಂದದ ಸದ್ದು.

ನಮ್ಮ ವಾದ್ಯಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವವರಿಗೆ ಒಂದು ಮಾತು. ಯಕ್ಷಗಾನದ ಚೆಂಡೆ, ದೇವಸ್ಥಾನದ ನಾಗಸ್ವರ ಇವೆರಡೂ ಬಯಲಿನಲ್ಲಿ ಜನಸಂದಣಿಯ ಆಚೆಯವರೆಗೂ ಕೇಳಿಸುವ ವಾದ್ಯಗಳು. ಜೋರಾಗಿರುವುದು ಅವುಗಳ ಧರ್ಮ. ನಾಗಸ್ವರವನ್ನು ಪಿಯರ್ಸಿಂಗ್ ಅಥವಾ ಪೆನಿಟ್ರೇಟಿಂಗ್ ಎನ್ನಿ. ಶ್ರಿಲ್ ಎಂದರೆ ನುಡಿಸುವವರ ಶ್ರುತಿ ಸರಿಯಿಲ್ಲವೇನೋ ಎಂಬ ಅನುಮಾನ ಓದುಗರಿಗೆ ಬರುತ್ತದೆ. ಚೆಂಡೆಗೆ ಶಾರ್ಪ್ ಒಪ್ಪುತ್ತದೆ. ಡೆಫನಿಂಗ್ ಎಂದಲ್ಲಿ ಬರೆದವರು ಆಟ ಬಿಟ್ಟು ಎದ್ದು ಹೋದರೆಂಬ ಭಾವನೆ ಉಳಿಯುತ್ತದೆ.

ದೂರು ಬರೆಯುವಾಗ, ಮೆಕ್ಯಾನಿಕ್‌ಗೆ ಹೇಳುವಾಗ, ವೈದ್ಯರಿಗೆ ಹೇಳುವಾಗ

ಕಥೆಯಲ್ಲಿ ತಪ್ಪು ಪದ ಬಿದ್ದರೆ ಕಥೆಗೆ ಹಾನಿ. ಬೇರೆ ಕಡೆ ಹಾನಿ ಇನ್ನೂ ದೊಡ್ಡದು.

ನಮ್ಮ ವಸತಿ ಸಮುಚ್ಚಯದ ಹಿಂದಿನ ಸಭಾಂಗಣದ ಧ್ವನಿವರ್ಧಕದ ಬಗ್ಗೆ ಇಂಗ್ಲಿಷಿನಲ್ಲಿ ದೂರು ಬರೆದುಕೊಡಲು ನೆರೆಯವರು ಕೇಳಿದರು. ಅವರ ಕರಡಿನಲ್ಲಿ ರಾಕಸ್ ಇತ್ತು. ಹಾಗೆ ಬರೆದರೆ ದೂರು ಮದುವೆಗೆ ಬಂದವರ ನಡತೆಯ ಮೇಲಾಗುತ್ತದೆ. ನಮ್ಮ ದೂರು ಇದ್ದದ್ದು ಧ್ವನಿವರ್ಧಕದ ಮೇಲೆ. ಬ್ಲೇರಿಂಗ್ ಎಂದು ತಿದ್ದಿ, ಗೋಡೆ ನಡುಗಿಸುವ ಕೆಳಸ್ಥಾಯಿಗೆ ಬೂಮಿಂಗ್ ಎಂದೆ. ಹಾರಿಬಲ್ ತೆಗೆಸಿದೆ, ಅದರಿಂದ ಅಧಿಕಾರಿಗೆ ಏನೂ ತಿಳಿಯುವುದಿಲ್ಲ. ಪದಕ್ಕಿಂತ ಗಟ್ಟಿಯಾದದ್ದು ಅಂಕಿ: ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45, ರಾತ್ರಿ ಎಂದರೆ 10ರಿಂದ ಬೆಳಗಿನ 6. ಹತ್ತು ಡೆಸಿಬೆಲ್ ಹೆಚ್ಚಾದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನ್ನಿಸುತ್ತದೆ. ಇಷ್ಟನ್ನು ಒಂದು ಸಾಲಿನಲ್ಲಿ ಹೇಳಿದರೆ ಗುಣವಾಚಕ ಒಂದೇ ಸಾಕು.

ವಿದೇಶದಲ್ಲಿರುವ ಕನ್ನಡಿಗರು ಕಾರಿನ ಬ್ರೇಕ್ ಸದ್ದನ್ನು ಫೋನಿನಲ್ಲಿ ವಿವರಿಸಬೇಕಾದಾಗ ಸ್ಕ್ವೀಲಿಂಗ್, ಗ್ರೈಂಡಿಂಗ್ ಎರಡನ್ನು ಬೇರ್ಪಡಿಸಿ ತಿಳಿದಿರಬೇಕು. ಮೇಲಿನ ಸ್ಥಾಯಿಯ ಕಿರುಚು ಸ್ಕ್ವೀಲಿಂಗ್. ಹಲವು ಬ್ರೇಕ್ ಪ್ಯಾಡ್‌ಗಳಲ್ಲಿ ಸವೆತ ತಿಳಿಸಲೆಂದೇ ಇಟ್ಟಿರುವ ಲೋಹದ ಸಣ್ಣ ಪಟ್ಟಿ ಡಿಸ್ಕಿಗೆ ತಾಗಿದಾಗ ಅದು ಬರುತ್ತದೆ. ಬೀಸುಕಲ್ಲಿನಂಥ ತಗ್ಗಿದ ಗರಗರ ಗ್ರೈಂಡಿಂಗ್. ಪ್ಯಾಡ್ ತೀರಿಹೋಗಿ ಲೋಹಕ್ಕೆ ಲೋಹ ಉಜ್ಜುತ್ತಿದೆ ಎಂದು ಕೇಳಿದವರು ತಿಳಿಯುತ್ತಾರೆ, ಗಾಡಿ ಓಡಿಸಬೇಡಿ ಎನ್ನುತ್ತಾರೆ.

ಮಗುವಿನ ಉಸಿರಿನ ವಿಷಯದಲ್ಲಂತೂ ಪದ ನಿಖರವಾಗಿರಲೇಬೇಕು. ಉಸಿರು ಬಿಡುವಾಗ ಎದೆಯಿಂದ ಬರುವ ಸುಂಯ್ ಎಂಬ ಸಿಳ್ಳು ಸಾಮಾನ್ಯವಾಗಿ ವ್ಹೀಜ಼್. ಉಸಿರು ಎಳೆದುಕೊಳ್ಳುವಾಗ ಗಂಟಲಿನ ಹತ್ತಿರ ಕೇಳಿಸುವ ಬಿರುಸಾದ ಸದ್ದು ಸ್ಟ್ರೈಡರ್, ಸ್ಟ್ರೈಡೆಂಟ್‌ನ ಒಡಹುಟ್ಟು. ಮೇಲಿನ ಶ್ವಾಸಮಾರ್ಗ ಕಿರಿದಾಗಿದೆ ಎಂಬುದರ ಸೂಚನೆ ಅದು; ಮಗು ಸುಮ್ಮನೆ ಮಲಗಿದ್ದಾಗಲೂ ಕೇಳಿಸಿದರೆ ತಡಮಾಡದೆ ಆಸ್ಪತ್ರೆಗೆ ಹೊರಡಬೇಕು. ಪದ ನೆನಪಾಗದಿದ್ದರೆ ಎಳೆಯುವಾಗ, ಬಿಡುವಾಗ ಎಂಬುದನ್ನಾದರೂ ಸ್ಪಷ್ಟವಾಗಿ ಹೇಳಿ. ನಾಯಿ ಬೊಗಳಿದಂಥ ಕೆಮ್ಮಿಗೆ ಬಾರ್ಕಿಂಗ್ ಎಂಬ ಪದವನ್ನೇ ವೈದ್ಯರೂ ಬಳಸುತ್ತಾರೆ.

ಕಂಚಿನ ಕಂಠ

ನನಗೆ ಇನ್ನೂ ಪೂರ್ತಿ ಒಗ್ಗದ ಒಂದು ಪದ ಉಳಿದಿದೆ. ಕಂಚಿನ ಕಂಠ ಎಂದರೆ ಕನ್ನಡದಲ್ಲಿ ಪೂರಾ ಹೊಗಳಿಕೆ: ಜೋರು, ಗಟ್ಟಿ, ಕೊನೆಯಲ್ಲಿ ಘಂಟೆಯಂತೆ ಅನುರಣನ. ಲೋಹದ ಜಾಡು ಹಿಡಿದು ಬ್ರಾಸಿ ಎಂದು ಬರೆದವರನ್ನು ನೋಡಿದ್ದೇನೆ. ಇಂಗ್ಲಿಷಿನಲ್ಲಿ ಅದು ಬಿರುಸು, ನಾಚಿಕೆಯಿಲ್ಲದ್ದು ಎಂಬ ನಿಂದೆ. ಇನ್ನು ಕೆಲವರು ಸ್ಟೆಂಟೋರಿಯನ್ ಎನ್ನುತ್ತಾರೆ. ಹೋಮರನ ಇಲಿಯಡ್‌ನ ಐದನೆಯ ಕಾಂಡದಲ್ಲಿ ಐವತ್ತು ಗಂಡಸರಷ್ಟು ಜೋರಾಗಿ ಕೂಗಬಲ್ಲ ಸ್ಟೆಂಟರ್ ಎಂಬವನು ಬರುತ್ತಾನೆ. ಪದ ಅವನ ಹೆಸರಿನದು. ಕವಾಯತಿನ ಆಜ್ಞೆಗೆ, ನ್ಯಾಯಾಲಯದ ಕರೆಗೆ ಸರಿ. ಆದರೆ ಸ್ಟೆಂಟರನ ದನಿಯಲ್ಲಿ ಗಾತ್ರವಿದೆ, ನಾದವಿಲ್ಲ.

ಹಿಂದಿನ ತಿಂಗಳು ಅನುವಾದಿಸಿದ ಕಥೆಯಲ್ಲಿ ರಂಗಮಂದಿರದ ಹಳೆಯ ನಟರೊಬ್ಬರು ಬರುತ್ತಾರೆ; ಮೈಕಿಲ್ಲದ ಕಾಲದವರು, ಕಂಚಿನ ಕಂಠದವರು. ರೆಸೊನೆಂಟ್, ರಿಂಗಿಂಗ್ ಎರಡನ್ನೂ ಬರೆದು ನೋಡಿದೆ. ಹತ್ತಿರ ಬಂದದ್ದು ರಿಂಗಿಂಗ್. ಆಮೇಲೆ ಅದನ್ನೂ ತೆಗೆದು, ಅವರ ಮಾತು ಮುಗಿದ ಮೇಲೂ ಕೊನೆಯ ಸಾಲಿನ ತಗಡಿನ ಕುರ್ಚಿಗಳು ಸಣ್ಣಗೆ ಗುಂಯ್‌ಗುಡುತ್ತಿದ್ದವು ಎಂದು ಇಂಗ್ಲಿಷಿನಲ್ಲಿ ಬರೆದೆ. ಲೇಖಕರಿಗೆ ಕಳುಹಿಸಿದ್ದೇನೆ. ಮೂಲದಲ್ಲಿ ಕುರ್ಚಿಗಳಿಲ್ಲ, ಅವರು ಒಪ್ಪಿದರೆ ಇರಿಸುತ್ತೇನೆ, ಇಲ್ಲವಾದರೆ ರಿಂಗಿಂಗ್.